ಸಮಶೀತೋಷ್ಣ ಆವರ್ತಮಾರುತಗಳು ಮತ್ತು ಅತಿವೃಷ್ಟಿ: ಪದೇ ಪದೇ ಕೇಳುವ ಪ್ರಶ್ನೆಗಳು

ಯುರೋಪಿನ ಮತ್ತು ಉತ್ತರ ಅಮೆರಿಕದ ಬಹುಭಾಗದಲ್ಲಿ ಚಳಿಗಾಲದ ಮಳೆ, ಹಿಮಗಳಲ್ಲಿ ಶೇ. 70ಕ್ಕೂ ಹೆಚ್ಚು ಪಾಲು ಸಮಶೀತೋಷ್ಣ ವಲಯದ ಆವರ್ತಮಾರುತಗಳಿಂದ ಬರುತ್ತದೆ. ಹವಾಮಾನ ವಿಜ್ಞಾನ ಓದುತ್ತಿರುವ ವಿದ್ಯಾರ್ಥಿಗಳು ಮತ್ತು ಆ ನಾಡುಗಳಲ್ಲಿ ನೆಲೆಸಿರುವ ಕನ್ನಡಿಗರು ಈ ಬಗ್ಗೆ ಹೆಚ್ಚಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ.

ಬಂಗಾಳ ಕೊಲ್ಲಿಯ ಚಂಡಮಾರುತಕ್ಕೂ ಇದಕ್ಕೂ ಏನು ವ್ಯತ್ಯಾಸ?

ಶಕ್ತಿಯ ಮೂಲವೇ ಬೇರೆ. ಬಂಗಾಳ ಕೊಲ್ಲಿಯಲ್ಲೋ ಅರಬ್ಬಿ ಸಮುದ್ರದಲ್ಲೋ ಏಳುವ ಚಂಡಮಾರುತ ಬೆಚ್ಚಗಿನ ಸಮುದ್ರದಿಂದ ಬಂದ ಆವಿಯ ಗುಪ್ತೋಷ್ಣವನ್ನು (ಆವಿ ನೀರಾಗುವಾಗ ಹೊರಬರುವ ಶಾಖವನ್ನು) ನಂಬಿಕೊಂಡಿದೆ. ಅದರ ನಡುಭಾಗ ಸುತ್ತಲಿನ ಗಾಳಿಗಿಂತ ಬೆಚ್ಚಗಿರುತ್ತದೆ. ನೆಲ ಹೊಕ್ಕ ಮೇಲೆ ಆವಿಯ ಪೂರೈಕೆ ನಿಂತು ಬೇಗ ಸೊರಗುತ್ತದೆ.

ಸಮಶೀತೋಷ್ಣ ಆವರ್ತಮಾರುತ ಹುಟ್ಟುವುದು ಹೆಚ್ಚುಕಡಿಮೆ 30ರಿಂದ 60 ಡಿಗ್ರಿ ಅಕ್ಷಾಂಶಗಳ ನಡುವೆ, ಧ್ರುವದ ಕಡೆಯ ತಣ್ಣನೆ ಗಾಳಿಯೂ ಉಷ್ಣವಲಯದ ಕಡೆಯ ಬೆಚ್ಚನೆ ಗಾಳಿಯೂ ಅಕ್ಕಪಕ್ಕ ಬಂದು ನಿಲ್ಲುವ ಕಡೆ. ಬೆಚ್ಚನೆಯದು ಏರಿ ತಣ್ಣನೆಯದು ಇಳಿದಾಗ ಬಿಡುಗಡೆಯಾಗುವ ಶಕ್ತಿಯಿಂದ ಇದು ಬೆಳೆಯುತ್ತದೆ. ಮೇಲೆ 9–10 ಕಿ.ಮೀ. ಎತ್ತರದಲ್ಲಿ ಹರಿಯುವ ಜೆಟ್ ಸ್ಟ್ರೀಮ್ ಎಂಬ ವೇಗದ ಗಾಳಿಯ ಹೊನಲು ಇದಕ್ಕೆ ದಾರಿಯನ್ನೂ ಬಲವನ್ನೂ ಕೊಡುತ್ತದೆ. ಒಂದು ಸಾವಿರದಿಂದ ಕೆಲವು ಸಾವಿರ ಕಿ.ಮೀ. ಹರವು ಇದಕ್ಕೆ ಸಾಮಾನ್ಯ. ನೆಲದ ಮೇಲೂ ಹುಟ್ಟಬಲ್ಲದು, ನೆಲದ ಮೇಲೂ ಬಲಗೊಳ್ಳಬಲ್ಲದು.

ನಾರ್ವೆಯ ಬರ್ಗೆನ್‌ನಲ್ಲಿ ಯಾಕೋಬ್ ಬ್ಯರ್ಕ್ನೆಸ್ 1919ರಲ್ಲಿ ಇದರ ರಚನೆಯನ್ನು ಮೊದಲು ಸ್ಪಷ್ಟವಾಗಿ ಬಿಡಿಸಿ ತೋರಿಸಿದರು. ತಣ್ಣನೆ ಗಾಳಿಯೂ ಬೆಚ್ಚನೆ ಗಾಳಿಯೂ ಸಂಧಿಸುವ ಗಡಿಯೇ ಫ್ರಂಟ್. ತಣ್ಣನೆಯದು ಮುನ್ನುಗ್ಗುತ್ತಿದ್ದರೆ ಶೀತ ಫ್ರಂಟ್, ಬೆಚ್ಚನೆಯದಾದರೆ ಉಷ್ಣ ಫ್ರಂಟ್. ಈ ಮಾತುಗಳು ಬರ್ಗೆನ್‌ನ ತಂಡದಿಂದ ಬಂದವು. ಇಂಥ ಸುಳಿ ಏಕೆ ತಾನಾಗಿ ಬೆಳೆಯುತ್ತದೆ ಎಂಬುದರ ಗಣಿತವನ್ನು 1947ರಲ್ಲಿ ಜೂಲ್ ಚಾರ್ನಿ, 1949ರಲ್ಲಿ ಎರಿಕ್ ಈಡಿ ಬೇರೆಬೇರೆಯಾಗಿ ಕೊಟ್ಟರು. ಇಂದಿನ ಸಂಶೋಧನೆಯೂ ಅದೇ ಬುನಾದಿಯ ಮೇಲಿದೆ.

ಸುಳಿಯ ಯಾವ ಭಾಗದಲ್ಲಿ ಹೆಚ್ಚು ಮಳೆ ಬೀಳುತ್ತದೆ?

ಕೇಂದ್ರದಲ್ಲಲ್ಲ. ಶೀತ ಫ್ರಂಟಿನ ಮುಂದೆ, ಧ್ರುವದ ದಿಕ್ಕಿಗೆ ಒಂದು ಬೆಚ್ಚನೆ, ತೇವಭರಿತ ಗಾಳಿಯ ಪಟ್ಟಿ ಹರಿಯುತ್ತದೆ. ವಿಜ್ಞಾನಿಗಳು ಇದನ್ನು ವಾರ್ಮ್ ಕನ್ವೇಯರ್ ಬೆಲ್ಟ್ ಎನ್ನುತ್ತಾರೆ. ಸಮುದ್ರಕ್ಕೆ ಹತ್ತಿರ 900 ಹೆಕ್ಟೋಪ್ಯಾಸ್ಕಲ್ (ಗಾಳಿಯ ಒತ್ತಡದ ಅಳತೆ, ಮೇಲೇರಿದಂತೆ ಕಡಿಮೆಯಾಗುತ್ತದೆ) ಮಟ್ಟದಲ್ಲಿ ಹೊರಟ ಗಾಳಿ ಓರೆಯಾಗಿ ಏರುತ್ತ 300ರ ಮಟ್ಟ ತಲುಪುತ್ತದೆ. ಸಂಶೋಧನೆಯಲ್ಲಿ ಬಳಕೆಯಲ್ಲಿರುವ ಅಳತೆಗೋಲು ಇದು: ಒಂದು ಗಾಳಿಯ ತುಣುಕು 48 ಗಂಟೆಗಳೊಳಗೆ 600 ಹೆಕ್ಟೋಪ್ಯಾಸ್ಕಲ್‌ನಷ್ಟು ಮೇಲೇರಿದರೆ ಅದು ಈ ಪಟ್ಟಿಗೆ ಸೇರಿದ್ದು. ಏರುವ ದಾರಿಯಲ್ಲಿ ಹೊತ್ತ ಆವಿಯ ಬಹುಪಾಲನ್ನು ಅದು ಮಳೆಯಾಗಿ ಸುರಿಸುತ್ತದೆ.

ಜೊತೆಗೆ ಇನ್ನೆರಡು ಹರಿವುಗಳಿವೆ. ಉಷ್ಣ ಫ್ರಂಟಿನ ಅಡಿಯಲ್ಲಿ ತಣ್ಣನೆ ಪಟ್ಟಿಯೊಂದು ಕೇಂದ್ರದ ಕಡೆ ಸುತ್ತುತ್ತದೆ. ಹಿಂಬದಿಯಿಂದ ಒಣಗಾಳಿ ಮೇಲಿನಿಂದ ಕೆಳಗಿಳಿಯುತ್ತದೆ. ಉಪಗ್ರಹ ಚಿತ್ರದಲ್ಲಿ ಅಲ್ಪವಿರಾಮದ ಆಕಾರದ ಮೋಡ ಕಂಡರೆ, ಅದರ ಒಳಬಾಗಿನಲ್ಲಿರುವ ಕಪ್ಪು ಜಾಗವೇ ಈ ಒಣಗಾಳಿ.

ಬೆಚ್ಚನೆ ಪಟ್ಟಿಯ ಏರಿಕೆ ಸಾಮಾನ್ಯವಾಗಿ ನಿಧಾನ, ಸೆಕೆಂಡಿಗೆ ಹತ್ತಿಪ್ಪತ್ತು ಸೆಂಟಿಮೀಟರ್. ಅದರ ಒಳಗೇ ಅಲ್ಲಲ್ಲಿ ಗುಡುಗುಮೋಡದಂಥ ಬಿರುಸಿನ ಏರಿಕೆಗಳೂ ಹುದುಗಿರುತ್ತವೆ. ಹಳೆಯ ಚಿತ್ರಗಳಲ್ಲಿ ಇವಕ್ಕೆ ಜಾಗವಿರಲಿಲ್ಲ. ಗಂಟೆಯ ಲೆಕ್ಕದಲ್ಲಿ ಮಳೆ ವಿಪರೀತಕ್ಕೆ ಹೋಗಲು ಹೆಚ್ಚಾಗಿ ಇವೇ ಕಾರಣ. ಹಾಗಾಗಿ ಈಚಿನ ವರ್ಷಗಳಲ್ಲಿ ಸಂಶೋಧಕರ ಗಮನ ಇವುಗಳ ಮೇಲಿದೆ.

ವಾಯುಭಾರ ಹೆಚ್ಚು ಕುಸಿದಷ್ಟೂ ಮಳೆ ಹೆಚ್ಚೇ?

ಇಲ್ಲ. ಸುದ್ದಿಯಲ್ಲಿ ಅತಿ ಹೆಚ್ಚು ಗೊಂದಲವಾಗುವುದು ಇಲ್ಲಿಯೇ. ‘ಬಾಂಬ್ ಸೈಕ್ಲೋನ್’ ಎಂಬುದಕ್ಕೆ ಫ್ರೆಡ್ರಿಕ್ ಸ್ಯಾಂಡರ್ಸ್ ಮತ್ತು ಜಾನ್ ಗ್ಯಾಕಂ 1980ರಲ್ಲಿ ಕೊಟ್ಟ ಅಳತೆ ಹೀಗಿದೆ: 60 ಡಿಗ್ರಿ ಅಕ್ಷಾಂಶದಲ್ಲಿ 24 ಗಂಟೆಗಳಲ್ಲಿ ಕೇಂದ್ರದ ಒತ್ತಡ 24 ಹೆಕ್ಟೋಪ್ಯಾಸ್ಕಲ್ ಇಳಿಯಬೇಕು. 45 ಡಿಗ್ರಿಯಲ್ಲಾದರೆ ಸುಮಾರು 20 ಸಾಕು. ಒತ್ತಡದ ಇಳಿಕೆ ಗಾಳಿಯ ಬಿರುಸಿನ ಬಗ್ಗೆ ಬಹಳ ಹೇಳುತ್ತದೆ, ಮಳೆಯ ಬಗ್ಗೆ ಅಷ್ಟಿಲ್ಲ. 1987ರ ಅಕ್ಟೋಬರ್‌ನಲ್ಲಿ ದಕ್ಷಿಣ ಇಂಗ್ಲೆಂಡನ್ನು ನಡುಗಿಸಿದ ಬಿರುಗಾಳಿಯಲ್ಲಿ ಹಾನಿಯೆಲ್ಲ ಗಾಳಿಯಿಂದಲೇ ಆಯಿತು.

ಮಳೆಗೆ ಬೇಕಾದ ಪ್ರಶ್ನೆಗಳು ಮೂರು. ಎಷ್ಟು ಆವಿ ಬರುತ್ತಿದೆ? ಎಷ್ಟು ಹೊತ್ತು ಒಂದೇ ಜಾಗಕ್ಕೆ ಬರುತ್ತಿದೆ? ಅದನ್ನು ಮೇಲೆತ್ತುವುದು ಏನು, ಫ್ರಂಟೋ ಬೆಟ್ಟವೋ? ಈ ಮೂರಕ್ಕೂ ಉತ್ತರ ಸಿಗದೆ ಕೇಂದ್ರದ ಒತ್ತಡವೊಂದನ್ನೇ ಹಿಡಿದು ಮಳೆಯ ಭವಿಷ್ಯ ಹೇಳಬಾರದು.

‘ವಾತಾವರಣದ ನದಿ’ ಅಂದರೆ ಏನು? ಅದನ್ನು ಅಳೆಯುವುದು ಹೇಗೆ?

ಸಮುದ್ರದ ಮೇಲೆ ಉಷ್ಣವಲಯದ ಕಡೆಯಿಂದ ಮೇಲಿನ ಅಕ್ಷಾಂಶಗಳಿಗೆ ಚಾಚಿಕೊಂಡ ಆವಿಯ ಕಿರಿದಾದ ಪಟ್ಟಿ. ಉದ್ದ 2,000 ಕಿ.ಮೀ.ಗೂ ಮಿಗಿಲು, ಅಗಲ ಕೆಲವು ನೂರು ಕಿ.ಮೀ. ಸರಾಸರಿ ಪಟ್ಟಿಯೊಂದು ಹೊತ್ತೊಯ್ಯುವ ನೀರು ಅಮೆಜಾನ್ ನದಿಯ ಹರಿವಿನ ಎರಡರಷ್ಟಕ್ಕೂ ಹೆಚ್ಚು. ಅಮೆರಿಕದ ಪಶ್ಚಿಮ ಕರಾವಳಿಯ ವಾರ್ಷಿಕ ಮಳೆಯಲ್ಲಿ ಶೇ. 30ರಿಂದ 50 ಇಂಥ ಪಟ್ಟಿಗಳದ್ದೇ. ಹವಾಯಿ ಕಡೆಯಿಂದ ಬರುವುದನ್ನು ಕ್ಯಾಲಿಫೋರ್ನಿಯಾದವರು ಪೈನಾಪಲ್ ಎಕ್ಸ್‌ಪ್ರೆಸ್ ಎಂದು ಕರೆಯುತ್ತಾರೆ.

ಅಳತೆಯ ಹೆಸರು ಐವಿಟಿ, ಅಂದರೆ ನೆಲದಿಂದ ಮೇಲಿನವರೆಗೆ ಒಟ್ಟುಗೂಡಿಸಿದ ಆವಿಯ ಸಾಗಣೆ. ಪ್ರತಿ ಮಟ್ಟದಲ್ಲೂ ಗಾಳಿಯ ವೇಗವನ್ನು ಆವಿಯ ಪ್ರಮಾಣದಿಂದ ಗುಣಿಸಿ, ಮಟ್ಟಗಳನ್ನೆಲ್ಲ ಕೂಡಿಸಿ, ಗುರುತ್ವದಿಂದ ಭಾಗಿಸಿದರೆ ಬರುವ ಸಂಖ್ಯೆ. ಒಂದು ಮೀಟರ್ ಅಗಲದ ಅಡ್ಡಗೆರೆಯನ್ನು ಪ್ರತಿ ಸೆಕೆಂಡಿಗೆ ಎಷ್ಟು ಕೆ.ಜಿ. ನೀರು ದಾಟುತ್ತದೆ ಎಂಬುದನ್ನು ಅದು ಹೇಳುತ್ತದೆ. 250 ದಾಟಿದರೆ ಸಾಮಾನ್ಯವಾಗಿ ವಾತಾವರಣದ ನದಿ ಎಂದು ಪರಿಗಣಿಸುತ್ತಾರೆ.

2019ರಲ್ಲಿ ಮಾರ್ಟಿ ರಾಲ್ಫ್ ಮತ್ತು ಸಂಗಡಿಗರು ಒಂದರಿಂದ ಐದರವರೆಗಿನ ದರ್ಜೆ ಕೊಟ್ಟರು. ಐವಿಟಿಯ ಗರಿಷ್ಠ 250–500 ಇದ್ದರೆ 1, 500–750 ಇದ್ದರೆ 2, 750–1,000 ಇದ್ದರೆ 3, 1,000–1,250 ಇದ್ದರೆ 4, ಅದಕ್ಕೂ ಮೇಲೆ 5. ಆ ಜಾಗದ ಮೇಲೆ 24 ಗಂಟೆಗಿಂತ ಕಡಿಮೆ ಇದ್ದರೆ ಒಂದು ದರ್ಜೆ ಇಳಿಸಬೇಕು, 48 ಗಂಟೆ ಅಥವಾ ಹೆಚ್ಚು ನಿಂತರೆ ಒಂದು ಏರಿಸಬೇಕು. ಒಂದನೇ ದರ್ಜೆಯದು ಹೆಚ್ಚಾಗಿ ಒಳ್ಳೆಯದನ್ನೇ ಮಾಡುತ್ತದೆ, ಕೆರೆ ಜಲಾಶಯ ತುಂಬಿಸುತ್ತದೆ. ಐದನೆಯದು ಅಪಾಯ. ಅವಧಿಯನ್ನೂ ಲೆಕ್ಕಕ್ಕೆ ಹಿಡಿದಿರುವುದೇ ಈ ದರ್ಜೆಯ ನಿಜವಾದ ಬೆಲೆ.

ಒಂದೇ ದಿನದಲ್ಲಿ 300 ಮಿ.ಮೀ. ಮಳೆ ಹೇಗೆ ಸಾಧ್ಯ? ಗಾಳಿಯಲ್ಲಿ ಅಷ್ಟು ನೀರು ಇರುತ್ತದೆಯೇ?

ಇರುವುದಿಲ್ಲ. ಹಾಗಾಗಿಯೇ ಸಾಗಣೆ ಮುಖ್ಯ. ಇಂಗ್ಲೆಂಡಿನ ವಾಯವ್ಯಕ್ಕಿರುವ ಲೇಕ್ ಡಿಸ್ಟ್ರಿಕ್ಟ್‌ನಲ್ಲಿ 2015ರ ಡಿಸೆಂಬರ್‌ನಲ್ಲಿ ಬಂದ ಡೆಸ್ಮಂಡ್ ಬಿರುಗಾಳಿಯನ್ನು ನೋಡಿ. ಹೊನಿಸ್ಟರ್ ಪಾಸ್‌ನಲ್ಲಿ ಡಿಸೆಂಬರ್ 5ರ ಸಂಜೆಗೆ ಮುಗಿದ 24 ಗಂಟೆಗಳಲ್ಲಿ 341.4 ಮಿ.ಮೀ. ಸುರಿಯಿತು. ಬ್ರಿಟನ್ನಿನಲ್ಲಿ 24 ಗಂಟೆಗಳ ದಾಖಲೆ ಅದು. ಪಕ್ಕದ ಥರ್ಲ್‌ಮಿಯರ್‌ನಲ್ಲಿ 4 ಮತ್ತು 5ನೇ ತಾರೀಕಿನ ಎರಡು ಮಳೆದಿನಗಳಲ್ಲಿ (ಬೆಳಗಿನ 9ರಿಂದ ಮರುದಿನ ಬೆಳಗಿನ 9ರವರೆಗೆ ಒಂದು ಮಳೆದಿನ) 405 ಮಿ.ಮೀ. ಬಿತ್ತು. ಕಾರ್ಲೈಲ್ ಊರು ಜಲಾವೃತವಾಯಿತು. ಇಷ್ಟಾದರೂ ಸುಳಿಯ ಕೇಂದ್ರ ಅಲ್ಲಿರಲೇ ಇಲ್ಲ, ಸ್ಕಾಟ್ಲೆಂಡ್ ಮತ್ತು ಐಸ್‌ಲೆಂಡ್ ನಡುವಿನ ಸಮುದ್ರದಲ್ಲಿತ್ತು. ಲೇಕ್ ಡಿಸ್ಟ್ರಿಕ್ಟ್‌ನ ಮೇಲೆ ನಿಂತದ್ದು ಅದರ ದಕ್ಷಿಣಕ್ಕೆ ಎಳೆದುಕೊಂಡಿದ್ದ ಫ್ರಂಟ್ ಮತ್ತು ಅದರ ಜೊತೆಗಿದ್ದ ವಾತಾವರಣದ ನದಿ.

ಲೆಕ್ಕ ಹಾಕಿ ನೋಡೋಣ. ಇಲ್ಲಿನ ಅಂಕಿಗಳು ಅಳೆದವಲ್ಲ, ಉದಾಹರಣೆಗೆ ಇಟ್ಟುಕೊಂಡವು. ಅಂಥ ದಿನ ಗಾಳಿಯಲ್ಲಿರುವ ಆವಿಯನ್ನೆಲ್ಲ ಇಳಿಸಿದರೂ 30 ಮಿ.ಮೀ. ಆಸುಪಾಸು. ಆದರೆ ಅದು ಸೆಕೆಂಡಿಗೆ ಇಪ್ಪತ್ತು ಇಪ್ಪತ್ತೈದು ಮೀಟರ್ ವೇಗದಲ್ಲಿ ಬರುತ್ತಲೇ ಇದೆ. ಐವಿಟಿ 700 ಎಂದಿಟ್ಟುಕೊಳ್ಳಿ. 40 ಕಿ.ಮೀ. ಅಗಲದ ಬೆಟ್ಟಸಾಲನ್ನು ದಾಟುವಾಗ ಅದರ ಶೇ. 20 ಮಳೆಯಾಗುತ್ತದೆ ಎನ್ನಿ. 140ನ್ನು 40,000ದಿಂದ ಭಾಗಿಸಿದರೆ ಚದರ ಮೀಟರಿಗೆ ಸೆಕೆಂಡಿಗೆ 0.0035 ಕೆ.ಜಿ. ಒಂದು ಚದರ ಮೀಟರ್ ಮೇಲೆ ಒಂದು ಕೆ.ಜಿ. ನೀರೆಂದರೆ ಒಂದು ಮಿ.ಮೀ. ಮಳೆ. ಹಾಗಾದರೆ ಗಂಟೆಗೆ 12.6 ಮಿ.ಮೀ. 24 ಗಂಟೆಗೆ 302 ಮಿ.ಮೀ. ಗಂಟೆಗೆ 12.6 ಎಂಬುದು ಬೆಂಗಳೂರಿನ ಬೇಸಿಗೆಯ ಗುಡುಗುಮಳೆಯ ಮುಂದೆ ಏನೇನೂ ಅಲ್ಲ. ಅದು ಒಂದು ದಿನ ನಿಲ್ಲದೆ ಸುರಿದದ್ದೇ ಅನಾಹುತ.

ಬೆಟ್ಟ ಮಳೆಯನ್ನು ಹೆಚ್ಚಿಸುವುದು ಗಾಳಿಯನ್ನು ಮೇಲೆತ್ತುವುದರಿಂದ ಮಾತ್ರವೇ?

ಅದು ಅರ್ಧ ಮಾತ್ರ. 900 ಮೀಟರಿನಷ್ಟೇ ಎತ್ತರದ ಬೆಟ್ಟ ಏರುವಾಗ ಉಂಟಾಗುವ ಮೋಡದ ಹನಿಗಳು ತೀರ ಸಣ್ಣವು. ತಾವಾಗಿ ದಪ್ಪವಾಗಿ ಬೀಳುವಷ್ಟರಲ್ಲಿ ಬೆಟ್ಟ ದಾಟಿಬಿಡುತ್ತವೆ. ಮೇಲಿನ ಫ್ರಂಟ್ ಮೋಡದಿಂದ ಬೀಳುವ ಹನಿಗಳು ಈ ತಗ್ಗಿನ ಮೋಡವನ್ನು ಹಾದು ಬರುವಾಗ ಆ ಸಣ್ಣ ಹನಿಗಳನ್ನು ಬಾಚಿಕೊಂಡು ದಪ್ಪವಾಗುತ್ತವೆ. ಮೇಲಿನದು ಬಿತ್ತುತ್ತದೆ, ಕೆಳಗಿನದು ಉಣಿಸುತ್ತದೆ. ಸ್ವೀಡನ್ನಿನ ಟೋರ್ ಬರ್ಗೆರಾನ್ ವಿವರಿಸಿದ ಈ ಸೀಡರ್–ಫೀಡರ್ ಕ್ರಿಯೆ ಇಲ್ಲದೆ ಬ್ರಿಟನ್, ನಾರ್ವೆ ಬೆಟ್ಟಗಳ ಮಳೆಯ ಲೆಕ್ಕ ಕೂಡಿಬರುವುದಿಲ್ಲ.

ನಮ್ಮ ಆಗುಂಬೆ, ಹುಲಿಕಲ್ ಕಡೆಯ ಮುಂಗಾರು ಮಳೆಯನ್ನು ತರುವ ಗಾಳಿ ಬೇರೆ, ಅಲ್ಲಿ ಫ್ರಂಟುಗಳಿಲ್ಲ. ಆದರೆ ತೇವದ ಗಾಳಿ ಸಮುದ್ರದಿಂದ ನೇರ ಬಂದು ಘಟ್ಟಕ್ಕೆ ಅಡ್ಡಲಾಗಿ ಬಡಿಯಬೇಕು, ದಿನಗಟ್ಟಲೆ ಬಡಿಯುತ್ತಿರಬೇಕು ಎಂಬ ನಿಯಮ ಎರಡೂ ಕಡೆಗೂ ಒಂದೇ. ಗಾಳಿಯ ದಿಕ್ಕು ಇಪ್ಪತ್ತು ಮೂವತ್ತು ಡಿಗ್ರಿ ತಿರುಗಿದರೆ ಒಂದು ಕಣಿವೆ ತುಂಬಿ ಹರಿಯುವಾಗ ಪಕ್ಕದ್ದು ಬಚಾವಾಗುತ್ತದೆ. ಮುನ್ಸೂಚನೆ ತಪ್ಪುವುದು ಎಷ್ಟೋ ಸಲ ಈ ದಿಕ್ಕಿನ ಲೆಕ್ಕದಲ್ಲೇ.

ಜರ್ಮನಿಯ 2021ರ ಪ್ರವಾಹ, ವೆಲೆನ್ಸಿಯಾದ 2024ರ ಪ್ರವಾಹ: ಇವೂ ಇದೇ ಜಾತಿಯವೇ?

ಸಂಬಂಧಿಗಳು. ಜೆಟ್ ಸ್ಟ್ರೀಮಿನ ಒಂದು ಬಾಗು ತೀರ ದಕ್ಷಿಣಕ್ಕೆ ಇಳಿದು, ಮೂಲ ಹರಿವಿನಿಂದ ಕಡಿದುಕೊಂಡು, ಮೇಲುಗಾಳಿಯಲ್ಲಿ ತಣ್ಣನೆಯ ಒಂಟಿ ಸುಳಿಯಾಗಿ ಉಳಿದುಬಿಡುತ್ತದೆ. ಇದಕ್ಕೆ ಕಟ್-ಆಫ್ ಲೋ ಎನ್ನುತ್ತಾರೆ, ಸ್ಪೇನಿನಲ್ಲಿ ಡಾನಾ. ಮುಂದೆ ತಳ್ಳುವ ಜೆಟ್ ಇಲ್ಲದ್ದರಿಂದ ಇದು ನಿಂತಲ್ಲೇ ನಿಲ್ಲುತ್ತದೆ ಅಥವಾ ತೆವಳುತ್ತದೆ. ಅಪಾಯ ಇರುವುದು ಆ ನಿಧಾನದಲ್ಲೇ.

2021ರ ಜುಲೈ 14–15ರಂದು ಜರ್ಮನಿ, ಬೆಲ್ಜಿಯಂಗಳಲ್ಲಿ ವಿಶಾಲ ಪ್ರದೇಶದ ಮೇಲೆ ಮಳೆ ಎಡೆಬಿಡದೆ ಸುರಿಯಿತು. ಆರ್ ನದಿಯ ಕಿರಿದಾದ, ಕಡಿದಾದ ಕಣಿವೆ ಅದನ್ನು ತಾಳಲಿಲ್ಲ. ಎರಡು ದೇಶಗಳಲ್ಲಿ ಸೇರಿ 200ಕ್ಕೂ ಹೆಚ್ಚು ಜನ ಸತ್ತರು. ಸ್ಪೇನಿನಲ್ಲಿ ನಡೆದದ್ದರ ಸ್ವರೂಪ ಬೇರೆ. 2024ರ ಅಕ್ಟೋಬರ್ 29ರಂದು ಬೆಚ್ಚಗಿದ್ದ ಮೆಡಿಟರೇನಿಯನ್ ಸಮುದ್ರದಿಂದ ಬಂದ ಆವಿ ಕರಾವಳಿಯ ಹಿಂದಿನ ಗುಡ್ಡಗಳ ಬಳಿ ಒಂದೇ ಜಾಗದಲ್ಲಿ ಮತ್ತೆಮತ್ತೆ ಗುಡುಗುಮೋಡಗಳಾಗಿ ಎದ್ದಿತು. ತುರೀಸ್ ಎಂಬಲ್ಲಿ ದಿನಕ್ಕೆ 771.8 ಮಿ.ಮೀ., ಅದರಲ್ಲಿ ಒಂದೇ ಗಂಟೆಯಲ್ಲಿ 184.6 ಮಿ.ಮೀ. ದಾಖಲಾಯಿತು. ಭಾರತೀಯ ಹವಾಮಾನ ಇಲಾಖೆ 24 ಗಂಟೆಗೆ 204.5 ಮಿ.ಮೀ. ಅಥವಾ ಹೆಚ್ಚು ಬಿದ್ದರೆ ಅತ್ಯಂತ ಭಾರಿ ಮಳೆ ಎನ್ನುತ್ತದೆ. ತುರೀಸ್‌ನಲ್ಲಿ ಅದರ ಹತ್ತಿರ ಹತ್ತಿರ ಒಂದು ಗಂಟೆಗೇ ಬಿತ್ತು.

ಇಂಥ ಸುಳಿಗಳಿಗೆ ಭಾರತದೊಂದಿಗೆ ನಂಟಿದೆಯೇ?

ಇದೆ. ಪತ್ರಿಕೆಗಳಲ್ಲಿ ಬರುವ ‘ಪಶ್ಚಿಮದ ಕ್ಷೋಭೆ’ ಅಥವಾ ವೆಸ್ಟರ್ನ್ ಡಿಸ್ಟರ್ಬೆನ್ಸ್ ಇದೇ ಕುಟುಂಬದ್ದು. ಪಶ್ಚಿಮದ ಜೆಟ್ ಜೊತೆ ಮೆಡಿಟರೇನಿಯನ್ ಮತ್ತು ಅದರಾಚೆಯ ಕಡೆಯಿಂದ ಸಾಗಿಬಂದು ಹಿಮಾಲಯಕ್ಕೆ ಚಳಿಗಾಲದ ಹಿಮವನ್ನೂ ಪಂಜಾಬಿನ ಗೋಧಿಗೆ ಮಳೆಯನ್ನೂ ಕೊಡುತ್ತದೆ. ಅಪಾಯವಾಗುವುದು ಇದು ಉಷ್ಣವಲಯದ ತೇವದೊಂದಿಗೆ ಕೈಜೋಡಿಸಿದಾಗ. 2013ರ ಜೂನ್ 16–17ರ ಕೇದಾರನಾಥ ದುರಂತದ ಮಳೆಯಲ್ಲಿ ಬೇಗ ಮುನ್ನುಗ್ಗಿದ ಮುಂಗಾರು ಮತ್ತು ಮೇಲುಗಾಳಿಯಲ್ಲಿ ಪಶ್ಚಿಮದಿಂದ ಬಂದ ತಗ್ಗು ಎರಡೂ ಸೇರಿದ್ದವು.

ಕರ್ನಾಟಕದ ಕರಾವಳಿಯನ್ನು ಉಜ್ಜಿಕೊಂಡು ಹೋದ ತೌಕ್ತೆ ಚಂಡಮಾರುತದ ಕಥೆಯೂ ಹಾಗೆಯೇ. 2021ರ ಮೇ 17ರಂದು ಗುಜರಾತಿನಲ್ಲಿ ನೆಲ ಹೊಕ್ಕ ಮೇಲೆ ಅದು ಸೊರಗಿತು. ಅದರ ಉಳಿದ ತೇವ ಉತ್ತರಕ್ಕೆ ಸರಿದು ಪಶ್ಚಿಮದ ಕ್ಷೋಭೆಯನ್ನು ಸೇರಿತು. ದೆಹಲಿಯ ಸಫ್ದರ್‌ಜಂಗ್‌ನಲ್ಲಿ ಮೇ 19–20ರ 24 ಗಂಟೆಗಳಲ್ಲಿ 119.3 ಮಿ.ಮೀ. ಬಿತ್ತು. ಮೇ ತಿಂಗಳಿಗೆ ಅದು ದಾಖಲೆ.

ಚಂಡಮಾರುತವೊಂದು ಮೇಲಿನ ಅಕ್ಷಾಂಶಕ್ಕೆ ಸರಿದು ತಾನೇ ಸಮಶೀತೋಷ್ಣ ಸುಳಿಯಾಗಿ ಮಾರ್ಪಡುವುದೂ ಉಂಟು. ಜಪಾನಿನ ಹಗಿಬಿಸ್ 2019ರ ಅಕ್ಟೋಬರ್ 12ರಂದು ಆ ಮಾರ್ಪಾಟಿನ ಹಾದಿಯಲ್ಲಿದ್ದಾಗ ಹಕೋನೆಯಲ್ಲಿ 24 ಗಂಟೆಗೆ 922.5 ಮಿ.ಮೀ. ಸುರಿಸಿತು.

ಸಂಶೋಧಕರು ಸುಳಿಗಳನ್ನು ಕಂಪ್ಯೂಟರಿನಲ್ಲಿ ಹೇಗೆ ಹಿಡಿಯುತ್ತಾರೆ?

ಮೊದಲಿಗೆ ದತ್ತಾಂಶ. ಹೆಚ್ಚು ಬಳಕೆಯಲ್ಲಿರುವುದು ಯುರೋಪಿನ ಇಆರ್‌ಎ5. 1940ರಿಂದ ಈಚೆಗೆ ಪ್ರತಿ ಗಂಟೆಯ ವಾತಾವರಣವನ್ನು ಸುಮಾರು 31 ಕಿ.ಮೀ. ಚೌಕಗಳಲ್ಲಿ ಕಟ್ಟಿಕೊಡುತ್ತದೆ. ಸುಳಿಯನ್ನು ಗುರುತಿಸಲು ಸಮುದ್ರಮಟ್ಟದ ಒತ್ತಡದ ತಗ್ಗನ್ನು ಹುಡುಕಬಹುದು, ಅಥವಾ 850 ಹೆಕ್ಟೋಪ್ಯಾಸ್ಕಲ್ ಮಟ್ಟದಲ್ಲಿ ಗಾಳಿಯ ಸುತ್ತುವಿಕೆಯ ಶಿಖರವನ್ನು ಹುಡುಕಬಹುದು. ಎರಡನೆಯದು ಸುಳಿಯನ್ನು ಎಳವೆಯಲ್ಲೇ ಹಿಡಿಯುತ್ತದೆ, ಆದರೆ ಗದ್ದಲ, ಅಂದರೆ ಸುಳಿಯಲ್ಲದ ಸಣ್ಣಪುಟ್ಟ ಏರುಪೇರು, ಹೆಚ್ಚು. ಅದಕ್ಕಾಗಿ ಮೊದಲು ದತ್ತಾಂಶವನ್ನು ನಯಗೊಳಿಸುತ್ತಾರೆ. ಒಂದು ಗಂಟೆಯ ಬಿಂದುವನ್ನು ಮುಂದಿನ ಗಂಟೆಗಳ ಬಿಂದುಗಳಿಗೆ ಪೋಣಿಸಿ ದಾರಿ ಎಳೆಯುತ್ತಾರೆ. ಕನಿಷ್ಠ ಎರಡು ದಿನ ಬದುಕಿದ್ದು, 1,000 ಕಿ.ಮೀ. ಸಾಗಿದ್ದನ್ನು ಮಾತ್ರ ಉಳಿಸಿಕೊಳ್ಳುವುದು ವಾಡಿಕೆ.

ಎಡವುವ ಜಾಗಗಳು ಗೊತ್ತಿರಲಿ. ಎತ್ತರದ ಬೆಟ್ಟಗಳ ಮೇಲೆ ಸಮುದ್ರಮಟ್ಟದ ಒತ್ತಡ ಎಂಬುದು ಊಹೆಯ ಸಂಖ್ಯೆ, ಅಲ್ಲಿ ಸುಳ್ಳು ಸುಳಿಗಳು ಹುಟ್ಟುತ್ತವೆ. ಎರಡು ದಿನದ ನಿಯಮ ಇಟ್ಟರೆ ಮೆಡಿಟರೇನಿಯನ್ನಿನ ಅಲ್ಪಾಯುಷಿ ಸುಳಿಗಳು ಬಿಟ್ಟುಹೋಗುತ್ತವೆ. 2013ರಲ್ಲಿ ಒಂದೇ ದತ್ತಾಂಶಕ್ಕೆ 15 ವಿಧಾನಗಳನ್ನು ಹಚ್ಚಿ ನೋಡಿದ ಹೋಲಿಕೆಯೊಂದು ಬಂತು. ಬಲವಾದ ಸುಳಿಗಳ ವಿಷಯದಲ್ಲಿ ಒಮ್ಮತವಿತ್ತು, ದುರ್ಬಲ ಸುಳಿಗಳ ಎಣಿಕೆಯಲ್ಲಿ ಬಹಳ ಅಂತರವಿತ್ತು. ‘ಸುಳಿಗಳ ಸಂಖ್ಯೆ ಇಷ್ಟು ಹೆಚ್ಚಿದೆ’ ಎಂಬ ವಾಕ್ಯ ಕಂಡಾಗ ಯಾವ ವಿಧಾನ ಎಂದು ಕೇಳಬೇಕಾದ್ದು ಇದಕ್ಕೇ.

ಮಳೆಯನ್ನು ಸುಳಿಗೆ ಗಂಟುಹಾಕುವುದು ಮುಂದಿನ ಹೆಜ್ಜೆ. ಕೇಂದ್ರದ ಸುತ್ತ 10–12 ಡಿಗ್ರಿ ವೃತ್ತ ಎಳೆದು ಅದರೊಳಗಿನ ಮಳೆಯನ್ನೆಲ್ಲ ಅದರ ಖಾತೆಗೆ ಹಾಕುವುದು ಸರಳ ದಾರಿ. ಆದರೆ ಡೆಸ್ಮಂಡ್‌ನಂತೆ ಉದ್ದ ಬಾಲದ ಫ್ರಂಟ್ ಇದ್ದರೆ ಮುಖ್ಯ ಮಳೆ ವೃತ್ತದ ಅಂಚಿಗೋ ಹೊರಗೋ ಹೋಗುತ್ತದೆ. ಫ್ರಂಟುಗಳನ್ನೂ ಕನ್ವೇಯರ್ ಬೆಲ್ಟುಗಳನ್ನೂ ಬೇರೆಯಾಗಿ ಗುರುತಿಸಿ ಗಂಟುಹಾಕಿದಾಗ ಚಿತ್ರ ಸರಿಹೋಗುತ್ತದೆ. ಸುಳಿಗಳ ಮುಖ್ಯ ಹಾದಿಗಳಲ್ಲಿ ಅತಿವೃಷ್ಟಿಯ ಘಟನೆಗಳಲ್ಲಿ ಶೇ. 90ರವರೆಗೂ ಫ್ರಂಟುಗಳ ಜೊತೆ ಬರುತ್ತವೆ ಎಂದು ತಿಳಿದದ್ದು ಹಾಗೆ.

ಮಳೆಯ ಅಳತೆ ಎಷ್ಟು ನಂಬಲರ್ಹ?

ಮಳೆಮಾಪಕವೇ ಮೂಲ ಸಾಕ್ಷಿ, ಆದರೆ ಅದಕ್ಕೂ ದೋಷಗಳಿವೆ. ಬಿರುಗಾಳಿಯಲ್ಲಿ ಹನಿಗಳು ಬಾಯಿಗೆ ಬೀಳದೆ ಪಕ್ಕಕ್ಕೆ ಹಾರುತ್ತವೆ, ಹಿಮವಾದರೆ ಇನ್ನೂ ಹೆಚ್ಚು. 0.2 ಮಿ.ಮೀ.ಗೊಮ್ಮೆ ಮಗುಚುವ ಬಟ್ಟಲಿನ ಮಾಪಕ ಜಡಿಮಳೆಯಲ್ಲಿ ಮಗುಚುವ ಕ್ಷಣದಲ್ಲಿ ಬಿದ್ದ ನೀರನ್ನು ಕಳೆದುಕೊಂಡು ಕಡಿಮೆ ತೋರಿಸುತ್ತದೆ. ಎಲ್ಲಕ್ಕಿಂತ ದೊಡ್ಡ ಕೊರತೆ, ಮಾಪಕಗಳೆಲ್ಲ ಕಣಿವೆಯ ಊರುಗಳಲ್ಲಿದ್ದು ಹೆಚ್ಚು ಮಳೆ ಬೀಳುವ ಮೇಲ್ಬದಿಯಲ್ಲಿ ವಿರಳವಾಗಿರುವುದು.

ರೇಡಾರ್ ವಿಶಾಲ ಜಾಗವನ್ನು ನೋಡುತ್ತದೆ. ಆದರೆ ಅದು ಅಳೆಯುವುದು ಹನಿಗಳಿಂದ ಮರಳುವ ಅಲೆಯನ್ನು, ಮಳೆಯನ್ನಲ್ಲ. ಹಿಮ ಕರಗುವ ಪದರದಲ್ಲಿ ಮರುದನಿ ಹೆಚ್ಚಿ ಮಳೆ ಇರುವುದಕ್ಕಿಂತ ಹೆಚ್ಚು ಕಾಣುತ್ತದೆ. ಇನ್ನೊಂದು ಕಡೆ, ಅರ್ಧ ಡಿಗ್ರಿ ಕೋನದಲ್ಲಿ ಹೊರಟ ಕಿರಣ 150 ಕಿ.ಮೀ. ದೂರದಲ್ಲಿ ಸುಮಾರು 2.6 ಕಿ.ಮೀ. ಎತ್ತರಕ್ಕೆ ಹೋಗಿರುತ್ತದೆ. ಬೆಟ್ಟದ ಮೇಲೆ ಮಳೆಯನ್ನು ಉಬ್ಬಿಸುವ ತಗ್ಗಿನ ಮೋಡ ಅದರ ಕೆಳಗೇ ಉಳಿಯುತ್ತದೆ. ಹೀಗೆ ಮಳೆ ಅತಿಯಾದ ಜಾಗದಲ್ಲೇ ರೇಡಾರ್ ಕಡಿಮೆ ಹೇಳುತ್ತದೆ.

ಉಪಗ್ರಹಗಳ ಮೈಕ್ರೋವೇವ್ ಉಪಕರಣಗಳು ನೆಲದ ಮೇಲೆ ಮೋಡದೊಳಗಿನ ಹಿಮಕಣಗಳ ಗುರುತು ಹಿಡಿದು ಮಳೆ ಅಂದಾಜಿಸುತ್ತವೆ. ಹಿಮವೇ ಇಲ್ಲದ ಗಿಡ್ಡ ಮೋಡಗಳ ಬೆಟ್ಟಮಳೆ ಅವಕ್ಕೆ ಸರಿಯಾಗಿ ಕಾಣುವುದಿಲ್ಲ. ಪಶ್ಚಿಮಘಟ್ಟದ ಮಳೆಯನ್ನು ಉಪಗ್ರಹಗಳು ಕಡಿಮೆ ತೋರಿಸುವುದಕ್ಕೂ ಇದೇ ಕಾರಣ.

ವಿಮಾನಗಳನ್ನು ಬಿರುಗಾಳಿಯೊಳಕ್ಕೆ ಕಳಿಸುವುದೇಕೆ?

ಆವಿ ತುಂಬಿದ ಪಟ್ಟಿ ಮೋಡದಿಂದ ಮುಚ್ಚಿರುತ್ತದೆ, ಸಮುದ್ರದ ಮೇಲಿರುತ್ತದೆ. ಉಪಗ್ರಹಕ್ಕೆ ಅದರ ಕೆಳಗಿನ ಒಂದೆರಡು ಕಿ.ಮೀ. ಚೆನ್ನಾಗಿ ಕಾಣುವುದಿಲ್ಲ, ಆವಿಯ ಬಹುಪಾಲು ಇರುವುದೇ ಅಲ್ಲಿ. ಹಾಗಾಗಿ ಮೇಲಿನಿಂದ ಡ್ರಾಪ್‌ಸೋಂಡ್ ಬಿಡುತ್ತಾರೆ. ಪುಟ್ಟ ಪ್ಯಾರಾಚೂಟ್ ಕಟ್ಟಿದ ಕೊಳವೆ ಅದು, ಇಳಿಯುತ್ತ ಉಷ್ಣತೆ, ತೇವ, ಒತ್ತಡ, ಗಾಳಿಯನ್ನು ರೇಡಿಯೋ ಮೂಲಕ ಕಳಿಸುತ್ತದೆ. ಕ್ಯಾಲಿಫೋರ್ನಿಯಾದ ಸ್ಕ್ರಿಪ್ಸ್ ಸಂಸ್ಥೆ ಮುನ್ನಡೆಸುವ ವಾತಾವರಣದ ನದಿಗಳ ಹಾರಾಟದಲ್ಲಿ ಈ ಅಳತೆಗಳು ಆ ಹೊತ್ತಿನ ಮುನ್ಸೂಚನಾ ಮಾದರಿಗೇ ನೇರ ಸೇರುತ್ತವೆ. 2016ರ ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಐಸ್‌ಲೆಂಡಿನಿಂದ ನಡೆದ ನಾವ್‌ಡೆಕ್ಸ್ ಅಭಿಯಾನದ ಗುರಿ ಬೇರೆ: ಕನ್ವೇಯರ್ ಬೆಲ್ಟಿನ ಗುಪ್ತೋಷ್ಣ ಜೆಟ್ ಸ್ಟ್ರೀಮನ್ನು ಹೇಗೆ ಬಾಗಿಸುತ್ತದೆ, ಅದರ ತಪ್ಪು ಲೆಕ್ಕ ಕೆಲವು ದಿನಗಳ ನಂತರ ಯುರೋಪಿನ ಮುನ್ಸೂಚನೆಯನ್ನು ಹೇಗೆ ಕೆಡಿಸುತ್ತದೆ ಎಂದು ನೋಡುವುದು.

ಭೂಮಿ ಬಿಸಿಯಾದರೆ ಇವು ಏನಾಗುತ್ತವೆ?

ಖಚಿತವಾದದ್ದು ಮೊದಲು. ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಗಾಳಿಯಲ್ಲಿ ಇರಬಲ್ಲ ಆವಿ ಸುಮಾರು ಶೇ. 7 ಹೆಚ್ಚುತ್ತದೆ. ಒಂದೊಂದು ಸುಳಿಯೂ ಸುರಿಸುವ ಮಳೆ ಹೆಚ್ಚುತ್ತದೆ ಎಂಬುದರಲ್ಲಿ ಮಾದರಿಗಳಿಗೆ ಭಿನ್ನಾಭಿಪ್ರಾಯವಿಲ್ಲ. 2021ರ ಜರ್ಮನಿ–ಬೆಲ್ಜಿಯಂ ಪ್ರದೇಶದ ಒಂದು ದಿನದ ಮಳೆ ಮನುಷ್ಯ ತಂದ ಬಿಸಿಯಿಂದ ಶೇ. 3ರಿಂದ 19ರಷ್ಟು ಹೆಚ್ಚಿತ್ತು, ಅಂಥ ಘಟನೆಯ ಸಾಧ್ಯತೆ 1.2ರಿಂದ 9 ಪಟ್ಟು ಏರಿದೆ ಎಂದು ವರ್ಲ್ಡ್ ವೆದರ್ ಅಟ್ರಿಬ್ಯೂಷನ್ ತಂಡ ಲೆಕ್ಕ ಹಾಕಿತು. ಆ ವ್ಯಾಪ್ತಿ ಅಷ್ಟು ಅಗಲವಾಗಿರುವುದು ಪ್ರಾಮಾಣಿಕತೆಯ ಗುರುತು. ಸಣ್ಣ ಪ್ರದೇಶದ ವಿರಳ ಘಟನೆಗೆ ದಾಖಲೆಗಳೇ ಕಡಿಮೆ.

ಸುಳಿಗಳ ಸಂಖ್ಯೆ ಮತ್ತು ಹಾದಿಯ ವಿಷಯ ಇಷ್ಟು ಸಲೀಸಲ್ಲ. ಆರ್ಕ್‌ಟಿಕ್ ಬೇಗ ಬಿಸಿಯಾಗುತ್ತಿರುವುದರಿಂದ ನೆಲದ ಹತ್ತಿರ ಧ್ರುವಕ್ಕೂ ಉಷ್ಣವಲಯಕ್ಕೂ ನಡುವಿನ ತಾಪದ ಅಂತರ ಕುಗ್ಗುತ್ತದೆ. ಅತ್ತ ಉಷ್ಣವಲಯದ ಮೇಲುಗಾಳಿ ಹೆಚ್ಚು ಬಿಸಿಯಾಗಿ ಎತ್ತರದಲ್ಲಿ ಅಂತರ ಹಿಗ್ಗುತ್ತದೆ. ಮೊದಲನೆಯದು ಸುಳಿಗಳನ್ನು ದುರ್ಬಲಗೊಳಿಸಿದರೆ ಎರಡನೆಯದು ಬಲಪಡಿಸುತ್ತದೆ. ಈ ಹಗ್ಗಜಗ್ಗಾಟದಲ್ಲಿ ಯಾವುದು ಎಲ್ಲಿ ಗೆಲ್ಲುತ್ತದೆ ಎಂಬುದೇ ಇಂದಿನ ಸಂಶೋಧನೆಯ ಮುಖ್ಯ ಚರ್ಚೆ.

‘ನೂರು ವರ್ಷಕ್ಕೊಮ್ಮೆ ಬರುವ ಮಳೆ’ ಬಂದು ಹೋಯಿತು. ಇನ್ನು ನೂರು ವರ್ಷ ನಿಶ್ಚಿಂತೆಯೇ?

ಖಂಡಿತ ಅಲ್ಲ. ಅದರ ಅರ್ಥ ಪ್ರತಿ ವರ್ಷವೂ ಶೇ. 1 ಸಾಧ್ಯತೆ. 30 ವರ್ಷ ಮನೆಸಾಲ ತೀರಿಸುವವರು ಆ ಅವಧಿಯಲ್ಲಿ ಒಮ್ಮೆಯಾದರೂ ಅದನ್ನು ಕಾಣುವ ಸಾಧ್ಯತೆ ಶೇ. 26. ಲೇಕ್ ಡಿಸ್ಟ್ರಿಕ್ಟ್‌ನಲ್ಲಿ 2009ರ ನವೆಂಬರ್‌ನಲ್ಲಿ ಸೀತ್‌ವೇಟ್ ಎಂಬಲ್ಲಿ 316.4 ಮಿ.ಮೀ. ಬಿದ್ದು ದಾಖಲೆಯಾಗಿತ್ತು. ಆರೇ ವರ್ಷಕ್ಕೆ ಡೆಸ್ಮಂಡ್ ಅದನ್ನು ಮುರಿಯಿತು.

ಯುರೋಪ್ ಅಥವಾ ಅಮೆರಿಕದಲ್ಲಿರುವವರು ಮುನ್ಸೂಚನೆಯಲ್ಲಿ ಏನು ನೋಡಬೇಕು?

ಬಿರುಗಾಳಿಯ ಹೆಸರನ್ನೂ ಒತ್ತಡವನ್ನೂ ಬಿಟ್ಟು, ನಿಮ್ಮ ನದಿಯ ಮೇಲ್ಬದಿಯಲ್ಲಿ 24 ಮತ್ತು 48 ಗಂಟೆಗಳ ಒಟ್ಟು ಮಳೆ ಎಷ್ಟು ಎಂದು ನೋಡಿ. ಆ ಮೊದಲಿನ ವಾರ ಮಳೆಯಾಗಿ ನೆಲ ನೆನೆದಿದೆಯೇ, ಬೆಟ್ಟದಲ್ಲಿ ಹಿಮ ಇದೆಯೇ ಎಂದು ನೋಡಿ. ಬೆಚ್ಚನೆ ಮಳೆ ಹಿಮದ ಮೇಲೆ ಬಿದ್ದರೆ ಎರಡೂ ನೀರು ಒಟ್ಟಿಗೆ ಇಳಿಯುತ್ತದೆ. 2017ರ ಫೆಬ್ರವರಿಯಲ್ಲಿ ಕ್ಯಾಲಿಫೋರ್ನಿಯಾದ ಓರೊವಿಲ್ ಅಣೆಕಟ್ಟೆಯ ಕೋಡಿ ಕಿತ್ತು 1,88,000 ಜನರನ್ನು ತೆರವು ಮಾಡಿಸಿದ್ದು ಇಂಥ ತೇವದ ಚಳಿಗಾಲದಲ್ಲೇ. ಎಚ್ಚರಿಕೆಯಲ್ಲಿ ಒಂದೇ ಸಂಖ್ಯೆಯ ಬದಲು ‘ಇಷ್ಟರಿಂದ ಇಷ್ಟರವರೆಗೆ’ ಎಂದಿದ್ದರೆ ಹೆಚ್ಚಿನ ಸಂಖ್ಯೆಗೆ ಸಿದ್ಧರಾಗಿ.

ವಿದ್ಯಾರ್ಥಿಯೊಬ್ಬರು ಒಂದು ಘಟನೆಯನ್ನು ತಾವೇ ಅಧ್ಯಯನ ಮಾಡಲು ಎಲ್ಲಿಂದ ಶುರು ಮಾಡಬೇಕು?

ಡೆಸ್ಮಂಡ್ ಒಳ್ಳೆಯ ಅಭ್ಯಾಸ. ಕೊಪರ್ನಿಕಸ್ ಹವಾಮಾನ ದತ್ತಾಂಶ ಭಂಡಾರದಲ್ಲಿ ಉಚಿತ ಖಾತೆ ತೆರೆಯಿರಿ. 2015ರ ಡಿಸೆಂಬರ್ 3ರಿಂದ 6ರವರೆಗೆ, ಉತ್ತರ ಅಟ್ಲಾಂಟಿಕ್‌ಗೆ ಮಾತ್ರ ಸೀಮಿತವಾಗಿ ಇಆರ್‌ಎ5ರಿಂದ ಸಮುದ್ರಮಟ್ಟದ ಒತ್ತಡ, ಪೂರ್ವ ಮತ್ತು ಉತ್ತರ ದಿಕ್ಕಿನ ಆವಿ ಸಾಗಣೆ, ಒಟ್ಟು ಮಳೆ ಇಳಿಸಿಕೊಳ್ಳಿ. ಎರಡು ದಿಕ್ಕಿನ ಸಾಗಣೆಗಳ ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆದರೆ ಐವಿಟಿ ಬಂತು. 250ರ ಗೆರೆ ಎಳೆದು ಆರು ಗಂಟೆಗೊಂದು ನಕ್ಷೆ ಮಾಡಿ, ಮೇಲೆ ಒತ್ತಡದ ಗೆರೆಗಳನ್ನು ಹಾಕಿ. ಆವಿಯ ಪಟ್ಟಿಯೂ ಕೇಂದ್ರವೂ ಎಷ್ಟು ದೂರದೂರ ಇವೆ ಎಂಬುದು ಮೊದಲ ನಕ್ಷೆಯಲ್ಲೇ ಕಾಣುತ್ತದೆ.

ಮಳೆಯ ಲೆಕ್ಕದಲ್ಲಿ ಮೂರು ಕಡೆ ಜಾಗ್ರತೆ. ಇಆರ್‌ಎ5ರಲ್ಲಿ ಮಳೆ ಮೀಟರ್‌ಗಳಲ್ಲಿದೆ, 1,000ದಿಂದ ಗುಣಿಸಿ. ಪ್ರತಿ ಗಂಟೆಯ ಸಂಖ್ಯೆ ಅದರ ಹಿಂದಿನ ಒಂದು ಗಂಟೆಯದ್ದು, ಆದ್ದರಿಂದ ಒಂದು ದಿನದ ಮೊತ್ತ ಬೇಕಾದರೆ ಆ ದಿನದ 01 ಗಂಟೆಯಿಂದ ಮರುದಿನದ 00 ಗಂಟೆಯವರೆಗೆ ಕೂಡಿಸಬೇಕು. ಬ್ರಿಟನ್ನಿನ ಮಾಪಕಗಳ ದಿನ ಬೆಳಗಿನ 9ಕ್ಕೆ, ಭಾರತದ್ದು 8:30ಕ್ಕೆ ಮುಗಿಯುತ್ತದೆ. ಅದನ್ನು ಹೊಂದಿಸದೆ ಹೋಲಿಸಿದರೆ ಒಂದೇ ಮಳೆ ಎರಡು ದಿನಕ್ಕೆ ಹರಿದುಹೋಗುತ್ತದೆ. ಇಷ್ಟೆಲ್ಲ ಸರಿ ಮಾಡಿದರೂ ಹೊನಿಸ್ಟರ್‌ನ 341 ಮಿ.ಮೀ. ನಿಮ್ಮ ನಕ್ಷೆಯಲ್ಲಿ ಸಿಗುವುದಿಲ್ಲ. 31 ಕಿ.ಮೀ. ಚೌಕದ ಸರಾಸರಿಗೂ ಒಂದು ಮಾಪಕಕ್ಕೂ ಇರುವ ಅಂತರ ಅದು, ಮತ್ತು ಆ ಚೌಕಕ್ಕೆ ಹೊನಿಸ್ಟರ್‌ನ ಬೆಟ್ಟಗಳ ನಿಜವಾದ ಎತ್ತರವೂ ಗೊತ್ತಿಲ್ಲ. ಮುಂದಿನ ಹಂತದಲ್ಲಿ ಒಂದೆರಡು ಕಿ.ಮೀ. ಚೌಕದ ಮಾದರಿಯನ್ನು ಓಡಿಸಿ, ಬೆಟ್ಟಗಳನ್ನು ಇಟ್ಟು ಒಮ್ಮೆ, ಅವನ್ನು ಚಪ್ಪಟೆ ಮಾಡಿ ಇನ್ನೊಮ್ಮೆ ಲೆಕ್ಕ ಹಾಕಿದರೆ ಬೆಟ್ಟದ ಪಾಲು ಎಷ್ಟೆಂದು ಬೇರೆಯಾಗಿ ಸಿಗುತ್ತದೆ.